ತುಳಸಿ ಲಗ್ನಕ್ಕೆ ಮೊದಲು

ಸಾವಿರದ ಒಂಬೈನೂರ ಹದಿನೆಂಟರಲ್ಲಿ ನನ್ನ ಶಾಲೆ ನಿಂತಿತು. ನಾಲ್ಕನೆಯ ಇಯತ್ತೆ ಇನ್ನೂ ಅರ್ಧಕ್ಕೆ ಬಂದಿತ್ತು. ಆ ವರ್ಷದ ಜ್ವರ ನಮ್ಮ ಓಣಿಯನ್ನು ಹೊಕ್ಕು ಹೊರಬಿದ್ದಾಗ ಮನೆಯಲ್ಲಿ ತಂದೆ ಇರಲಿಲ್ಲ. ತಾಯಿ ಇದ್ದಳು, ನಾನಿದ್ದೆ, ತೊಟ್ಟಿಲಲ್ಲಿ ತಂಗಿ ಇದ್ದಳು. ಮಾಸ್ತರರು ಮನೆಗೆ ಬಂದು, "ಹುಡುಗ ಶ್ಯಾಣ್ಯಾ ಇದ್ದಾನ, ಏಳನೇ ಇಯತ್ತೆಯ ಮುಲ್ಕಿ ಪರೀಕ್ಷಾತನಕಾ ಓದಲಿ" ಎಂದರು. ತಾಯಿ ಅವರಿಗೆ ಮಜ್ಜಿಗೆ ಕೊಟ್ಟಳು, ಉತ್ತರ ಕೊಡಲಿಲ್ಲ. ಮುಂದಿನ ತಿಂಗಳು ದೂರದ ಸಂಬಂಧದ ಸೋದರಮಾವನ ಬೆನ್ನು ಹತ್ತಿ ಪುಣೆಗೆ ಬಂದೆ. ಅವನು ಒಂದು ಖಾನಾವಳಿಯಲ್ಲಿ ಅಡಿಗೆಯವನು. ನನಗೆ ಸಿಕ್ಕದ್ದು ಎಂಜಲ ಎಲೆ ಎತ್ತುವ ಕೆಲಸ.

ಕನಿಕರ ಪಡಲಿ ಎಂದು ಇದನ್ನು ಬರೆಯುತ್ತಿಲ್ಲ. ಎಲೆ ಎತ್ತಿದೆ, ನೀರು ಹೊತ್ತೆ, ಹಿಟ್ಟು ಬೀಸಿದೆ, ಬಡಿಸುವುದನ್ನು ಕಲಿತೆ, ಕಡೆಗೆ ಬುಧವಾರ ಪೇಟೆಯ ಒಂದು ವಾಡೆಯ ಕೆಳ ಅಂತಸ್ತಿನಲ್ಲಿ ಎರಡು ಖೋಲಿ ಹಿಡಿದು ನನ್ನದೇ ಖಾನಾವಳಿ ಹಾಕಿದೆ. ಹೊರಗೆ ಮರಾಠಿ, ಒಳಗೆ ಕನ್ನಡ. ಧಾರವಾಡ ಬೆಳಗಾವಿಯ ಕಡೆಯಿಂದ ನೌಕರಿಗೆ, ವ್ಯಾಪಾರಕ್ಕೆ ಬಂದವರು ಪುಣೆಗೆ ಹತ್ತಿರದ ಶಿರೂರಿನ ಕಡೆಯ ಜೋಳದ ಬಿಸಿ ಭಕ್ಕರಿ ಮುರಿದು ಮೊದಲ ತುತ್ತು ಬಾಯಿಗಿಟ್ಟಾಗ ಅವರ ಮುಖ ನೋಡಬೇಕು. ನನ್ನ ಪಂಕ್ತಿಯಲ್ಲಿ ಕೂತವರು ಹಸಿದು ಎದ್ದದ್ದಿಲ್ಲ. ನಾನು ಯಾರ ಮನೆಯ ಮೆಟ್ಟಿಲಲ್ಲೂ ಕೈ ಚಾಚಿ ನಿಂತದ್ದಿಲ್ಲ.

ತಂಗಿಯ ಲಗ್ನವನ್ನೂ ನಾನೇ ಮಾಡಿದೆ. ತಂದೆಯ ಸ್ಥಾನದಲ್ಲಿ ನಿಂತು ಧಾರೆ ಎರೆದೆ. ಹಾಗಾಗಿ ಅವಳ ಗಂಡ ವಯಸ್ಸಿನಲ್ಲಿ ನನಗೆ ಸರಿಸಮಾನರಾದರೂ ಅವರನ್ನು ಅಳಿಯಂದಿರು ಎಂದೇ ಕರೆಯುತ್ತಿದ್ದೆ. ಬೆಳಗಾವಿ ಸೀಮೆಯ ಮನೆತನ. ಹೊಲ ಇತ್ತು, ಮಾಳಿಗೆ ಇತ್ತು, ಹಿತ್ತಲ ತುಂಬ ದನ ಇದ್ದವು. ಮಕ್ಕಳಾಗಲಿಲ್ಲ, ಅದೊಂದೇ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಆಷಾಢದಲ್ಲಿ, ಮಧ್ಯಾಹ್ನದ ಮೊದಲ ಪಂಕ್ತಿ ಏಳುವ ಹೊತ್ತಿಗೆ ತಂಗಿ ಟಾಂಗಾದಿಂದ ಇಳಿದಳು. ಜೊತೆಗೆ ಅವರೂರಿನ ಒಬ್ಬ ಮುದುಕ. ಅವಳನ್ನು ಬಾಗಿಲಿಗೆ ಮುಟ್ಟಿಸಿ ಅವನು ನೀರು ಸಹ ಕುಡಿಯದೆ ಹೋದ. ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಬರುವುದು ನಾಗರ ಪಂಚಮಿಗೆ, ಅದೂ ಅಣ್ಣನಾದವನು ಹೋಗಿ ಕರೆದರೆ. ಹೊಸ ಸೊಸೆಯನ್ನು ಮೊದಲ ಆಷಾಢಕ್ಕೆ ತವರಿಗೆ ಕಳಿಸುವುದುಂಟು. ಲಗ್ನವಾಗಿ ಹನ್ನೆರಡು ವರ್ಷವಾದವಳನ್ನು ಯಾರೂ ಆಷಾಢಕ್ಕೆ ಕಳಿಸುವುದಿಲ್ಲ.

"ಏನ ತಂಗಿ, ಕರೀಲಿಕ್ಕೆ ನಾ ಬರೂದರೊಳಗ ನೀನಽ ಬಂದ್ಯಲ್ಲ?"

"ಬರಬಾರದಿತ್ತೇನಣ್ಣಾ?" ಎಂದು ನಕ್ಕು, ಕಾಲು ತೊಳೆದುಕೊಂಡು ನೇರ ಅಡಿಗೆಮನೆಗೆ ಹೋಗಿ ಹಿಟ್ಟು ನಾದುವ ಕೊಣಮಿಗೆಯ ಮುಂದೆ ಕೂತಳು. ಅಂದಿನಿಂದ ಭಕ್ಕರಿ ಬಡಿಯುವ ಕೆಲಸ ಅವಳದಾಯಿತು.

ಅವಳ ಟ್ರಂಕನ್ನು ಒಳಗೆ ಸರಿಸಿಟ್ಟ ನನ್ನ ಹೆಂಡತಿ ಸಂಜೆ ನನ್ನನ್ನು ಹಿತ್ತಲಿಗೆ ಕರೆದಳು. "ಟ್ರಂಕಿನ ಮ್ಯಾಲೆ ಗಂಟು ನೋಡೀರೇನು? ಕೌದಿ ಅದ. ಪಂಚಮಿಗೆ ಬಂದಾಕಿ ಥಂಡಿ ದಿನದ ಕೌದಿ ಯಾಕ ತರತಾಳ್ರಿ?"

ಆ ಕೌದಿಯನ್ನು ಹೊಲಿದವಳು ಈಗಿಲ್ಲದ ನಮ್ಮ ತಾಯಿ, ಲಗ್ನದಲ್ಲಿ ತಂಗಿಯ ಜೊತೆ ಕಳಿಸಲಿಕ್ಕೆಂದು.

ಒಂದು ವಾರದ ಮೇಲೆ ಬೆಲ್ಲದ ವ್ಯಾಪಾರಿಯೊಬ್ಬರು ಊಟಕ್ಕೆ ಬಂದರು. ಬೆಳಗಾವಿಯ ಕಡೆಯವರು, ತಿಂಗಳಿಗೊಮ್ಮೆಯಾದರೂ ಪುಣೆಯ ಪೇಟೆಗೆ ಬರುವವರು. ಕೈ ತೊಳೆಯುವಾಗ ನನ್ನ ಬಳಿ ಸರಿದು, "ಮಾಲಕರ, ನಿಮ್ಮ ಅಳಿಯಂದ್ರ ಮನ್ಯಾಗ ಲಗ್ನದ ಮಾತು ನಡದದಂತಲ್ರಿ" ಎಂದರು.

"ಯಾರದು?"

ಅವರು ಅಡಿಗೆಮನೆಯ ಬಾಗಿಲನ್ನೊಮ್ಮೆ ನೋಡಿದರು. "ಸ್ವತಾ ಅವರದಽ. ನಿಮಗ ಗೊತ್ತಿರಬೇಕಂತ ಮಾಡಿದ್ದೆ."

"ಗೊತ್ತದ" ಎಂದೆ. ಗೊತ್ತಿರಲಿಲ್ಲ. ನನ್ನ ತಂಗಿಯ ಸುದ್ದಿಯನ್ನು ಬೆಲ್ಲದ ವ್ಯಾಪಾರಿಯಿಂದ ಕೇಳುತ್ತಿದ್ದೇನೆ ಎಂದು ಒಪ್ಪಿಕೊಳ್ಳುವ ಮನುಷ್ಯ ನಾನಲ್ಲ.

ಕನ್ಯೆ ಗೊತ್ತಾಗಿದೆ, ಪಕ್ಕದ ಸಂಸ್ಥಾನದ ಹಳ್ಳಿಯವಳು, ತುಳಸಿ ಲಗ್ನ ಆದ ಕೂಡಲೆ ಬರುವ ಮೊದಲ ಮುಹೂರ್ತಕ್ಕೆ ಅಕ್ಷತೆ ಎಂದು ಅವರೇ ಮುಂದೆ ಹೇಳಿದರು. ನಮ್ಮಲ್ಲಿ ಕೆಲವು ಮಂದಿ ಶ್ರಾವಣದಲ್ಲಿ ಲಗ್ನ ಮಾಡುತ್ತಾರೆ. ನಮ್ಮಂಥ ಮನೆತನಗಳಲ್ಲಿ ಮಾತ್ರ ಆಷಾಢದ ಏಕಾದಶಿಗೆ ದೇವರು ಮಲಗಿದನೆಂದರೆ ಕಾರ್ತಿಕದಲ್ಲಿ ಎದ್ದು ತುಳಸಿಯೊಡನೆ ಲಗ್ನವಾಗುವ ತನಕ ಮನುಷ್ಯರ ಲಗ್ನವಿಲ್ಲ. ತಂಗಿಯ ಅತ್ತೆಯಂತೂ ಆ ನಾಲ್ಕು ತಿಂಗಳು ಬದನೆಕಾಯಿಯನ್ನು ಕೂಡ ಮನೆಯೊಳಗೆ ಬಿಟ್ಟುಕೊಳ್ಳದ ಹೆಂಗಸು.

ಆ ಸಂಜೆ ತಂಗಿಯನ್ನು ಕೇಳಿದೆ. ಅವಳು ಒಲೆಯ ಬೂದಿ ತೆಗೆಯುತ್ತಿದ್ದಳು.

"ನಿನಗ ಗೊತ್ತಿತ್ತೇನು?"

"ಕನ್ಯಾ ನೋಡಲಿಕ್ಕೆ ಹೊಂಟಾಗ ಧೋತರ ಮಡಚಿ ಕೊಟ್ಟಾಕಿ ನಾನಽ, ಅಣ್ಣಾ."

"ಮತ್ತ ಹೇಳಬಾರದ?"

"ಹೇಳಿದ್ದರ ಏನ ಮಾಡತಿದ್ದಿ?" ಅವಳು ಬೂದಿಯ ಬುಟ್ಟಿ ಎತ್ತಿಕೊಂಡು ಎದ್ದಳು. "ಇಬ್ಬರೂ ಇರ್ರಿ ಅಂತಾರ ಅತ್ತಿಯವರು. ಹೊಸಾಕಿ ಹಡೀಬೇಕಂತ, ನಾನು ಬಾಣಂತನ ಮಾಡಬೇಕಂತ. ಒಲ್ಲೆ ಅಂದಿದ್ದಕ್ಕ ತವರಿಗೆ ನಡಿ ಅಂದರು."

ನಾನು ಮುಂದಿನ ಖೋಲಿಗೆ ಬಂದು ಸಂಜೆಯ ಪಂಕ್ತಿಗೆ ಮಣೆ ಹಾಕಿದೆ. ಹೆಂಡತಿ ಮಾತ್ರ ಬಿಡಲಿಲ್ಲ. "ಒಮ್ಮೆ ಹೋಗಿ ಮಾತಾಡಿ ಬರ್ರಿ."

"ನನ್ನ ತಂಗಿನ್ನ ಇಟಗೊಳ್ರಿ ಅಂತ ಕೈ ಮುಗೀಲಿಕ್ಕೇನು?"

"ಮುಗದರ ಕೈ ಸವೀತಾವೇನು?"

ಸವೆಯುವುದಿಲ್ಲ. ಆದರೂ ಹೋಗಲಿಲ್ಲ. ಹೋಗಿ ಕೇಳಲಿಕ್ಕೆ ನನ್ನ ಕೈಯಲ್ಲಿ ಏನಿತ್ತು? ಗಂಡಸು ಎರಡನೆಯ ಲಗ್ನ ಮಾಡಿಕೊಂಡರೆ ಶಾಸ್ತ್ರ ಅಡ್ಡ ಬರುತ್ತಿರಲಿಲ್ಲ, ಸರಕಾರ ಅಡ್ಡ ಬರುತ್ತಿರಲಿಲ್ಲ, ನೆರೆಯವರು ಹೋಳಿಗೆ ಉಂಡು ಬರುತ್ತಿದ್ದರು. ರಾತ್ರಿಯೆಲ್ಲ ಲೆಕ್ಕ ಹಾಕುತ್ತಿದ್ದೆ: ಶ್ರಾವಣ, ಭಾದ್ರಪದ, ಆಶ್ವಯುಜ, ಕಾರ್ತಿಕ. ಅಷ್ಟೇ ಉಳಿದದ್ದು.

ಇಲ್ಲಿ ಅಸೆಂಬ್ಲಿಯ ಮಾತು ಹೇಳಬೇಕು. ಮಳೆಗಾಲ ಬಂತೆಂದರೆ ಮುಂಬಯಿ ಸರಕಾರ ಪುಣೆಗೆ ಬರುತ್ತದೆ; ಸ್ಟೇಶನ್ನಿನ ಆಚೆಯ ಕೌನ್ಸಿಲ್ ಹಾಲಿನಲ್ಲಿ ಅಸೆಂಬ್ಲಿ ಕೂಡುತ್ತದೆ. ಕನ್ನಡ ಜಿಲ್ಲೆಗಳಿಂದ ಆರಿಸಿ ಬಂದವರು ಕ್ಯಾಂಪಿನ ಕಡೆ ಇಳಿದುಕೊಂಡರೂ ನಾಲ್ಕು ದಿನ ಅಲ್ಲಿಯ ಊಟ ಉಂಡು ಐದನೆಯ ದಿನ ಟಾಂಗಾ ಮಾಡಿಕೊಂಡು ನನ್ನ ಖಾನಾವಳಿ ಹುಡುಕುತ್ತ ಬರುತ್ತಿದ್ದರು. ಅವರಲ್ಲೊಬ್ಬರು ಬೆಳಗಾವಿ ಜಿಲ್ಲೆಯ ಹಿರಿಯರು, ದೊಡ್ಡ ರುಮಾಲಿನವರು. ಎಲ್ಲರೂ ಅವರನ್ನು ರಾಯರು ಎನ್ನುತ್ತಿದ್ದರು. ಇನ್ನೊಬ್ಬರು ತಿಂಗಳ ಊಟದ ಗಿರಾಕಿ, ಧಾರವಾಡದ ಕಾರಕೂನರು. ಕೌನ್ಸಿಲ್ ಹಾಲಿನ ಕಚೇರಿಯಲ್ಲೇ ಅವರಿಗೆ ಕೆಲಸ. ಅಂದು ಯಾವ ಬಿಲ್ಲು ಬಂತು, ಯಾವ ಠರಾವು ಬಿತ್ತು ಎಂಬುದನ್ನು ಅವರು ಸಂಜೆಯ ಪಂಕ್ತಿಗೆ ಬಡಿಸುತ್ತಿದ್ದರು.

"ಇವತ್ತೇನ್ರಿ ಹೊಸಾ ಬಿಲ್ಲು?" ಎಂದು ಒಬ್ಬರು ಕೇಳುವುದು. "ಜ್ವಾಳದ ರೇಶನ್ ಹೆಚ್ಚು ಮಾಡೂ ಬಿಲ್ಲು ತರ್ರಿ ಮೊದಲ" ಎಂದು ಇನ್ನೊಬ್ಬರು.

ಒಂದು ಸಂಜೆ ಅವರು ಸಾರು ಕಲಸುತ್ತ, "ಇವತ್ತ ಪಟ್ಟಿಯೊಳಗ ಒಂದು ಮಜಾದ್ದು ಬಂದದ" ಎಂದರು. "ಹೆಂಡತಿ ಜೀವಂತ ಇದ್ದಾಗ ಹಿಂದೂ ಗಂಡಸು ಮತ್ತೊಂದು ಲಗ್ನ ಮಾಡಿಕೊಳ್ಳೂ ಹಂಗಿಲ್ಲ. ಮಾಡಿಕೊಂಡರ ಅದು ಲಗ್ನಽ ಅಲ್ಲ. ಮ್ಯಾಲೆ ಶಿಕ್ಷಾ. ನಾಳೆ ಮಂಡಿಸ್ತಾರ."

"ನನಗ ಒಂದಽ ಸಾಕು ಸಾಕಾಗೇದ, ಕಾಯದೆ ಯಾಕ ಬೇಕ್ರಿ?" ಎಂದರು ಯಾರೋ. ಪಂಕ್ತಿ ನಕ್ಕಿತು. ನನ್ನ ಕೈಯ ಸವುಟು ಸಾರಿನ ತಪ್ಪಲೆಯಲ್ಲಿ ನಿಂತುಹೋಗಿತ್ತು.

ಮರುದಿನ ಕಾರಕೂನರಿಂದ ಪಾಸು ಪಡೆದು, ಇಸ್ತ್ರಿಯ ಕೋಟು ಹಾಕಿಕೊಂಡು ಕೌನ್ಸಿಲ್ ಹಾಲಿಗೆ ಹೋದೆ. ಪ್ರೇಕ್ಷಕರ ಗ್ಯಾಲರಿಯಿಂದ ಮೈಯೆಲ್ಲ ಕಣ್ಣಾಗಿ ಬಗ್ಗಿ ನೋಡುತ್ತಿದ್ದರೆ ಅಲ್ಲಿನ ಪಟ್ಟೇವಾಲಾ, "ಪಾವ್ಹಣೆ, ನೀಟ ಬಸಾ" ಎಂದು ಭುಜ ಹಿಡಿದು ಕೂಡಿಸಿದ. ಕೆಳಗೆ ಇಂಗ್ಲಿಷು ನಡೆದಿತ್ತು. ನನಗೆ ನಾಲ್ಕು ಮಾತಿಗೆ ಒಂದು ತಿಳಿಯುತ್ತಿತ್ತು. ಒಬ್ಬರು ಎದ್ದು ಕಾಗದ ನೋಡಿ ಒಂದು ಸಾಲು ಹೇಳಿದರು. ಅಧ್ಯಕ್ಷರು ಏನೋ ಕೇಳಿದರು. ಹತ್ತಾರು ಗಂಟಲು ಒಮ್ಮೆಲೆ ಒಪ್ಪಿಗೆಯ "ಆಯ್" ಎಂದವು. ಎದ್ದವರು ಕೂತರು. ಪಕ್ಕದವನನ್ನು ಮರಾಠಿಯಲ್ಲಿ ಕೇಳಿದೆ. ಲಗ್ನದ ಬಿಲ್ಲು ಅದೇ, ಆಯಿತು ಎಂದ.

ಆಯಿತು! ಗಿರಾಕಿ ಚಹಾ ಕೇಳಿ ಕಪ್ಪು ಬರುವಷ್ಟೂ ಹೊತ್ತು ಹಿಡಿದಿರಲಿಲ್ಲ. ಅಲ್ಲಿಂದ ಮನೆಯ ತನಕ ಮಳೆಯಲ್ಲಿ ನಡೆದೇ ಬಂದೆ. ಇದ್ದ ಬೆಲ್ಲ ತೆಗೆಸಿ ಸಜ್ಜಕ ಮಾಡಿಸಿದೆ. ಹೆಂಡತಿ ಕೇಳಿದರೆ, "ಮೊದಲ ಮಾಡು, ಆಮ್ಯಾಲೆ ಹೇಳತೀನಿ" ಎಂದೆ. ತಂಗಿಗೆ ಅಂದೇ ಸಂಜೆ ಎಲ್ಲರ ಎದುರು ಹೇಳಬೇಕೆಂದಿತ್ತು.

ಪಂಕ್ತಿಯಲ್ಲಿ ಸಜ್ಜಕ ಬಂದಾಗ ಕಾರಕೂನರು, "ಏನ್ರಿ ಮಾಲಕರ, ಇವತ್ತೇನ ವಿಶೇಷ?" ಎಂದರು.

"ಕಾಯದೆ ಆತಲ್ರಿ."

"ಯಾವದು?"

"ಅದಽ, ಎರಡನೇ ಲಗ್ನದ್ದು. ನಾನಽ ಕಣ್ಣಾರೆ ನೋಡಿ ಬಂದೆ."

ಕಾರಕೂನರು ಸಜ್ಜಕದ ಮೇಲಿನ ತುಪ್ಪವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಒಳ್ಳೆಯ ಮನುಷ್ಯ, ನಗಲಿಲ್ಲ. "ನೀವು ನೋಡಿದ್ದು ಬರೇ ಕನ್ಯಾ ನೋಡೂ ಶಾಸ್ತ್ರರಿ. ಕನ್ಯಾ ನೋಡಿ ಅವಲಕ್ಕಿ ತಿಂದು ಬಂದರ ಲಗ್ನ ಆಧಾಂಗೇನು? ಇನ್ನ ನಿಶ್ಚಯ ಆಗಬೇಕು, ಕೊಡೂ ತೊಗೊಳ್ಳೂ ಮಾತು ಒಂದೊಂದು ಕಲಮಿಗೂ ಆಗಬೇಕು, ಅದು ಎರಡನೇ ವಾಚನ. ಆಮ್ಯಾಲೆ ಮೂರನೇದ್ದು, ಅದು ಲಗ್ನ. ಅಷ್ಟಾದರೂ ಮ್ಯಾಲೆ ಕುಂತವರ ಸಹಿ ಬೀಳೂ ತನಕಾ ತಾಳಿಯ ಗಂಟು ಬಿದ್ದಿಲ್ಲಂತ ತಿಳೀರಿ. ನಡುವ ಎಲ್ಲಿ ಬೇಕಾದರೂ ಮುರೀಬಹುದು."

"ಠರಾವು ಪಾಸು ಮಾಡಿದರ ಸಾಲದೇನ್ರಿ?" ಎಂದೆ, ಸೋಲಲಾರದೆ.

"ಠರಾವು ಅಂದ್ರ ಸ್ವಾದರಮಾವನ ಬುದ್ಧಿಮಾತು. ಕೇಳಿದರ ಕೇಳಿದರು, ಬಿಟ್ಟರ ಬಿಟ್ಟರು. ನಿಮಗ ಇದರಾಗ ಇಷ್ಟ ಯಾಕ್ರಿ ಆಸಕ್ತಿ?"

ಅಡಿಗೆಮನೆಯಲ್ಲಿ ಭಕ್ಕರಿ ಬಡಿಯುವ ಸಪ್ಪಳ ನಿಂತಿತು, ಮತ್ತೆ ಶುರುವಾಯಿತು. ಅವಳಿಗೆ ನಾನು ಹೇಳುವ ಕಾರಣ ಉಳಿಯಲಿಲ್ಲ.

ಅಂದಿನಿಂದ ಪ್ರತಿ ಸಂಜೆ ಕಾರಕೂನರ ಚಪ್ಪಲಿಯ ಸದ್ದಿಗೆ ಕಾಯುತ್ತಿದ್ದೆ. "ಬಂತೇನ್ರಿ?" "ಇಲ್ಲ್ರಿ, ಇವತ್ತೆಲ್ಲಾ ರೇಶನ್ನಿನ ಪ್ರಶ್ನಿ." ಇನ್ನೊಂದು ದಿನ ಬೇರೆ ಬಿಲ್ಲು. ಮತ್ತೊಂದು ದಿನ ಯಾರೋ ತೀರಿಕೊಂಡರೆಂದು ಸಭೆ ಬೇಗ ಎದ್ದಿತು. ಯಾರೆಂದು ಕೇಳಲಿಲ್ಲ, ದೇವರು ಕ್ಷಮಿಸಲಿ. ಇನ್ನೂ ನಾಲ್ಕು ದಿನ ತಡೆದು ಸಾಯಬಾರದಿತ್ತೇ ಎನಿಸಿತು. ಅಸೆಂಬ್ಲಿ ಮುಗಿದು ಎಲ್ಲರೂ ಊರಿಗೆ ಹೋದರೆ ಮುಂದಿನ ಬೈಠಕ್ಕು ಯಾವಾಗಲೋ. ತುಳಸಿ ಲಗ್ನ ಯಾರ ಬೈಠಕ್ಕಿಗೂ ಕಾಯುವುದಿಲ್ಲ.

ಪಂಚಮಿ ಬಂತು. ವಾಡೆಯ ಹೆಣ್ಣುಮಕ್ಕಳು ಜೋಕಾಲಿ ಕಟ್ಟಿದರು. ತಂಗಿ ಉಂಡಿ ಕಟ್ಟಿದಳು, ಜೋಕಾಲಿ ಏರಲಿಲ್ಲ.

ಶ್ರಾವಣದ ಕೊನೆಗೆ ಬೆಲ್ಲದ ವ್ಯಾಪಾರಿ ಮತ್ತೆ ಬಂದರು. ಈ ಸಲ ನಾನೇ ಅವರನ್ನು ಓಸರಿಯ ಜಗಲಿಗೆ ಕರೆದು ಕೂಡಿಸಿ ಅಡಿಕೆಲೆ ಕೊಟ್ಟೆ.

"ಅಲ್ಲಿಗೂ ಬಿಲ್ಲಿನ ಸುದ್ದಿ ಮುಟ್ಟೇದರಿ," ಎಂದರು. "ನಿಮ್ಮ ಅಳಿಯಂದ್ರು ವಕೀಲರ ಕಡೆ ಹೋಗಿದ್ದರು. ವಕೀಲರು ಸಾಫ ಹೇಳ್ಯಾರ, ಕಾಯದೆ ಆದ ಮ್ಯಾಲೆ ಸಂಸ್ಥಾನದ ಹದ್ದಿಗೆ ಹೋಗಿ ಮಾಡಿಕೊಂಡರೂ ಬಿಡೂದಿಲ್ಲ, ಮಾಡೂದಿದ್ದರ ಈಗಽ ಮಾಡ್ರಿ ಅಂತ. ಹುಡುಗಿ ಊರ ಗುಡ್ಯಾಗ ಒಂದು ತಾಸಿನ ಕೆಲಸ."

ನಾನು ಅಡಿಕೆಯ ತಟ್ಟೆಯನ್ನು ಬದಿಗೆ ಸರಿಸಿದೆ. "ಮತ್ತ?"

"ಮತ್ತೇನು? ಅಳಿಯಂದ್ರು ತಯಾರಽ ಇದ್ದರು. ಅವರ ತಾಯಿ ಬಾಗಿಲಕ್ಕ ಅಡ್ಡ ನಿಂತರಂತ. 'ದೇವರು ಮಲಗ್ಯಾನ. ಮಲಗಿದ ದೇವರ ತಲಿ ಮ್ಯಾಲೆ ಅಕ್ಷತಿ ಹಾಕೂ ಮನೆತನ ನಮ್ಮದಲ್ಲ. ಈ ನಾಕ ತಿಂಗಳೊಳಗ ಕಟ್ಟಿದ ತಾಳಿಗೆ ಮಕ್ಕಳಾಗತಾವೇನು?' ಅಂದರಂತ. ಕಾಯದೆ ಮಾತು ತಗದರ, 'ದೇವರು ಮಲಗಿದಾಗ ಮಾಡಿದ ಕಾಯದೆ ಹುಟ್ಟೂದಿಲ್ಲ, ಹುಟ್ಟಿದರೂ ಬದುಕೂದಿಲ್ಲ' ಅಂದರಂತ."

ವ್ಯಾಪಾರಿ ನಕ್ಕರು. ನನಗೆ ನಗೆ ಬರಲಿಲ್ಲ. ನನ್ನ ತಂಗಿಯನ್ನು ಆಷಾಢದಲ್ಲಿ ಮನೆ ದಾಟಿಸಿದ ಹೆಂಗಸು ಅವಳು. ಈಗ ಬೆಳಗೆದ್ದು ದೇವರ ಮುಂದೆ ನಿಂತರೆ ನಾನು ಬೇಡುವುದು ಒಂದೇ: ಆ ಹೆಂಗಸಿನ ಮಡಿ ಕೆಡದಿರಲಿ, ಹಠ ಸಡಿಲದಿರಲಿ, ಯಾವ ಭಟ್ಟನೂ ಅವಳಿಗೆ ಪರಿಹಾರ ಹೇಳದಿರಲಿ. ಇಂಥ ಪ್ರಾರ್ಥನೆಯನ್ನು ಯಾರಾದರೂ ಮಾಡಿದ್ದಾರೋ ಇಲ್ಲವೋ.

ಭಾದ್ರಪದದಲ್ಲಿ ಗಣಪತಿ ಕೂತ ಮೇಲೆ, ಒಂದು ಮಧ್ಯಾಹ್ನ ಸಭೆಗೆ ಬಿಡುವಿದ್ದಾಗ ರಾಯರು ಊಟಕ್ಕೆ ಬಂದರು. ಭಕ್ಕರಿಗೆ ಬೆಣ್ಣೆ ಸವರುತ್ತ ಕಾರಕೂನರಿಗೆ ಹೇಳಿದರು: "ಆ ಲಗ್ನದ ಬಿಲ್ಲು ಈಗ ಬರತದಲ್ಲ, ನಮ್ಮ ಕಡೆ ಕೆಲವರು ಒಂದು ಸೂಚನಾ ತರೂದು ಅಂತ ಮಾಡೇವಿ. ಧರ್ಮದ ವಿಷಯ. ಗಡಬಡಿ ಮಾಡಬಾರದು. ಹಳ್ಳಿಹಳ್ಳಿಗೆ ಕಳಿಸಿ ಜನರ ಅಭಿಪ್ರಾಯ ತರಿಸಬೇಕು. ಆರು ತಿಂಗಳು ಹೋದರ ಏನ ಗಂಟು ಹೋಗತದ?"

ಆರು ತಿಂಗಳು. ನಾನು ಪಲ್ಯದ ತಪ್ಪಲೆ ಹಿಡಿದು ಅವರ ಎದುರಿಗೇ ನಿಂತಿದ್ದೆ. ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಗಿರಾಕಿಯ ಮುಂದೆ ಮನೆಯ ಮಾತು ಹರವುವುದೇ ಎಂಬ ಬಿಗುಮಾನ ಬಿಡಲಿಲ್ಲ. "ಪಲ್ಯಾ ಹಾಕಲೇನ್ರಿ?" ಎಂದೆ.

ಆಗ ಅಡಿಗೆಮನೆಯ ಒಳಗಿನಿಂದ ದನಿ ಬಂತು. "ನಮ್ಮ ಅಭಿಪ್ರಾಯಾನೂ ಕೇಳತಾರೇನ್ರಿ?"

ಪಂಕ್ತಿಯಲ್ಲಿ ಎಲ್ಲರ ಕೈ ನಿಂತವು. ಹೆಂಗಸರು ಒಳಗಿನಿಂದ ಪಂಕ್ತಿಯ ಮಾತಿಗೆ ಬಾಯಿ ಹಾಕುವ ರೂಢಿ ನಮ್ಮಲ್ಲಿಲ್ಲ. ರಾಯರು ನನ್ನ ಕಡೆ ನೋಡಿದರು.

"ಯಾರವರು?"

"ನನ್ನ ತಂಗಿ."

"ಕೇಳತಾರವ್ವಾ, ಯಾಕ ಕೇಳೂದಿಲ್ಲ?" ಎಂದರು ರಾಯರು ಬಾಗಿಲ ಕಡೆ ತಿರುಗಿ, ದೊಡ್ಡವರ ಸಮಾಧಾನದಲ್ಲಿ.

"ನನ್ನ ಕೇಳಲಿಕ್ಕೆ ಆರು ತಿಂಗಳು ಬ್ಯಾಡ್ರಿ. ಈ ಭಕ್ಕರಿ ಬೇಯೂದರೊಳಗ ಹೇಳತೀನಿ. ತುಳಸಿ ಲಗ್ನ ಆದ ಮ್ಯಾಲೆ ಮೊದಲನೇ ಮುಹೂರ್ತಕ್ಕ ನಮ್ಮ ಮನಿಯವರ ಲಗ್ನ ಅದ. ನಿಮ್ಮ ಜಿಲ್ಹಾದವರಽ. ಕರಿಯೋಲಿ ಬಂದರ ನಿಮಗೂ ಬರತದ. ಆವಾಗ ಬಂದು ಉಂಡು, ಅಭಿಪ್ರಾಯ ಬರಕೊಂಡು ಹೋಗ್ರಿ."

ಬಿಸಿ ಭಕ್ಕರಿ ಬಂತು. ನಾನೇ ತಂದು ರಾಯರ ಎಲೆಗೆ ಹಾಕಿದೆ. ಅವರು ಅದನ್ನು ಮುಟ್ಟದೆ ಎದ್ದು ಕೈ ತೊಳೆದುಕೊಂಡು ಹೋದರು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

"ಎಂಥಾ ಕೆಲಸ ಮಾಡಿದಿ," ಎಂದೆ ತಂಗಿಗೆ. "ಅವರು ಸಿಟ್ಟಿಗೆದ್ದು ಇನ್ನಷ್ಟು ಮಂದೀನ್ನ ಕೂಡಿಸಿದರಂದ್ರ?"

"ಕೂಡಸಲಿ ಬಿಡು. ಸುಮ್ಮನ ಕೂತು ನೋಡಿದ್ದಾತಲ್ಲ ಇಷ್ಟು ದಿನ."

"ಅಕಿ ಆಡಿದ್ದು ನೀವು ಆಡಬೇಕಾದ ಮಾತು" ಎಂದಳು ಹೆಂಡತಿ. ನಾನು ಹಿತ್ತಲಿಗೆ ಹೋಗಿ ಕಟ್ಟಿಗೆ ಒಡೆದೆ, ಬೇಕಾದ್ದಕ್ಕಿಂತ ಹೆಚ್ಚು.

ಬಿಲ್ಲಿನ ಎರಡನೆಯ ವಾಚನದ ದಿನ ಮತ್ತೆ ಗ್ಯಾಲರಿಯಲ್ಲಿ ಕೂತೆ. ಕಾರಕೂನರು ಕೆಲಸದ ನಡುವೆ ಒಮ್ಮೆ ಮೇಲೆ ಬಂದು ನನ್ನ ಹಿಂದೆ ನಿಂತರು. ಜನಾಭಿಪ್ರಾಯಕ್ಕೆ ಕಳಿಸಬೇಕೆಂಬ ಸೂಚನೆಯನ್ನು ಬೇರೆ ಯಾರೋ ತಂದರು. ರಾಯರು ಎದ್ದು ಮಾತಾಡಲಿಲ್ಲ. ಇಂಗ್ಲಿಷಿನಲ್ಲಿ, ಮರಾಠಿಯಲ್ಲಿ ಬಹಳ ಹೊತ್ತು ಮಾತು ನಡೆಯಿತು. ಶಾಸ್ತ್ರದ ಹೆಸರು ಬಂತು, ವಂಶದ ಮಾತು ಬಂತು. ಒಬ್ಬರು ಏನೋ ಅಂದಾಗ ಸಭೆಯೆಲ್ಲ ನಕ್ಕಿತು. ನನಗೆ ಆ ನಗೆ ಮೈಮೇಲೆ ಸಾರು ಬಿದ್ದಂತಾಯಿತು. ಕಡೆಗೆ ಮತಕ್ಕೆ ಹಾಕಿದರು. ಹೌದೆನ್ನುವವರು ಒಂದು ಬಾಗಿಲಿಗೆ, ಅಲ್ಲವೆನ್ನುವವರು ಇನ್ನೊಂದು ಬಾಗಿಲಿಗೆ ಎದ್ದು ಹೊರಟರು. ಆ ದೊಡ್ಡ ರುಮಾಲನ್ನು ಎರಡೂ ಸಾಲಿನಲ್ಲಿ ಹುಡುಕಿದೆ. ಕಾಣಲಿಲ್ಲ. ಮತಕ್ಕೆ ಹಾಕುವ ಮೊದಲೇ ರಾಯರ ಕುರ್ಚಿ ಬರಿದಾಗಿತ್ತು.

"ಸೂಚನಾ ಬಿತ್ತು" ಎಂದು ಕಾರಕೂನರು ಕಿವಿಯಲ್ಲಿ ಹೇಳಿದರು. "ಬಿಲ್ಲು ಮುಂದ ನಡೀತದ. ಈ ಸಲ ಸಜ್ಜಕ ಮಾತ್ರ ಮಾಡಬ್ಯಾಡ್ರಿ. ಇನ್ನ ಸಹಿ ಆಗಬೇಕು."

ಅದೇ ಸಂಜೆ ರಾಯರು ಖಾನಾವಳಿಗೆ ಬಂದು ತಮ್ಮ ಮಾಮೂಲು ಮಣೆಯ ಮೇಲೆ ಕೂತರು. ಸಭೆಯ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಉಂಡರು. ಒಳಗಿನ ಕಡೆ ನೋಡದೆಯೇ, "ಇನ್ನೊಂದು ಭಕ್ಕರಿ ಬರಲಿ" ಎಂದರು. ತಂಗಿ ಬಡಿದು ಕಳಿಸಿದಳು.

ಮೂರನೆಯ ವಾಚನವೂ ಆಯಿತು. ಅಸೆಂಬ್ಲಿ ಎದ್ದಿತು. ಸಭಾಸದರು ಊರಿಗೆ ಹೋದರು. ಆಮೇಲಿನದು ಇನ್ನೂ ಕೆಟ್ಟ ಕಾಯುವಿಕೆ, ಏಕೆಂದರೆ ಈಗ ನೋಡಲಿಕ್ಕೆ ಗ್ಯಾಲರಿಯೂ ಇರಲಿಲ್ಲ. ದಸರೆ ಹೋಯಿತು. ಯಾವುದೋ ಕಚೇರಿಯ ಮೇಜಿನ ಮೇಲೆ ಸಹಿಗಾಗಿ ಒಂದು ಕಾಗದ ಬಿದ್ದಿತ್ತು. ಅತ್ತ ಕ್ಷೀರಸಾಗರದಲ್ಲಿ ದೇವರು ಆಗಲೇ ಮಗ್ಗಲು ಬದಲಿಸಿದ್ದ. ಯಾರು ಮೊದಲು ಏಳುತ್ತಾರೆ? ದೀಪಾವಳಿಯ ಎಣ್ಣೆ ನೀರಿಗೆ ಕೂತಾಗ ಹೆಂಡತಿ, "ಒಂದೀಟ ನಗ್ರಿ, ಹಬ್ಬ ಅದ" ಎಂದಳು. ಪೇಟೆಯಲ್ಲಿ ತುಳಸಿ ಕಟ್ಟೆಗೆಂದು ಕಬ್ಬಿನ ಜಲ್ಲೆಗಳು ಬಂದು ಗೋಡೆಗೆ ಒರಗಿದ್ದವು. ಅವನ್ನು ನೋಡಿ ಬೇರೆ ಹಾದಿ ಹಿಡಿಯುತ್ತಿದ್ದೆ.

ಹಬ್ಬ ಕಳೆದು, ತುಳಸಿ ಲಗ್ನ ಇನ್ನೂ ಎದುರಿಗಿದ್ದಾಗ, ಕಾರಕೂನರು ಹೊತ್ತಲ್ಲದ ಹೊತ್ತಿನಲ್ಲಿ ಬಂದರು. ಚಪ್ಪಲಿ ಬಿಡದೆ ಹೊಸ್ತಿಲ ಮೇಲೆಯೇ ನಿಂತು, "ಗಂಟು ಬಿತ್ತ್ರಿ ಮಾಲಕರ. ಸರಕಾರಿ ಗ್ಯಾಝೆಟ್ಟಿನೊಳಗ ಬಂತು" ಎಂದರು.

ಆ ದಿನ ಸಜ್ಜಕ ಮಾಡಿಸಲಿಲ್ಲ. ತಂಗಿಗೆ ಹೇಳಿದೆ. ಅವಳು ಹಿಟ್ಟಿನ ಕೈಯಿಂದಲೇ ಹಣೆಯ ಬೆವರು ಒರೆಸಿಕೊಂಡಳು. "ಆತಲ್ಲ. ಇನ್ನ ಅವರೇನ ಮಾಡತಾರ ನೋಡೂಣು."

ಅದೇ ಮಾತು ನನ್ನನ್ನೂ ಕೊರೆಯುತ್ತಿತ್ತು. ಕಾಯದೆ ಇನ್ನೊಬ್ಬಳನ್ನು ಒಳಗೆ ಬರದಂತೆ ತಡೆದೀತು. ಇವಳನ್ನು ಒಳಗೆ ಕರೆಯುವ ಕಲಮು ಅದರಲ್ಲಿರಲಿಲ್ಲ. ಹಠಕ್ಕೆ ಬಿದ್ದು, ಇವಳೂ ಬೇಡ ಅವಳೂ ಬೇಡ ಎಂದು ಕೂತರೆ?

ಬೆಲ್ಲದ ವ್ಯಾಪಾರಿಯ ಬಾಯಿಂದ ಸುದ್ದಿ ಬರುವ ಮೊದಲೇ ಅಳಿಯಂದಿರು ಬಂದರು. ಮಧ್ಯಾಹ್ನ, ಪಂಕ್ತಿ ಕೂತಿರುವಾಗ. ಕೊಡೆ ಮೂಲೆಗಿಟ್ಟು, ಖಾಲಿ ಇದ್ದ ಮಣೆಯ ಮೇಲೆ ಗಿರಾಕಿಯಂತೆ ಕೂತರು. ಸೊರಗಿದ್ದರು. ನಾನು ಎಲೆ ಹಾಕಿ ಬಡಿಸಿದೆ. ಅನ್ನಕ್ಕೆ ಕೂತವನ ಮೇಲೆ ನಾನು ಸಿಟ್ಟು ಮಾಡುವವನಲ್ಲ. ಪಂಕ್ತಿ ಎದ್ದು ಹೋದ ಮೇಲೆ ಅವರೇ ಮಾತು ತೆಗೆದರು.

"ಆ ಕನ್ಯಾದವರು ಬ್ಯಾಡಂದರು. ಕಾಯದೆ ಕೇಳಿ ಅಂಜಿದರು."

"ನಿಮ್ಮ ತಾಯಿಯವರು?"

"ಅಕಿ ಮಾತು ಬಿಟ್ಟಾಳ. ದೇವರು ಏಳೂದರೊಳಗ ಹಿಂಗಾತಲ್ಲ ಅಂತ ಪೂಜಿಗೆ ಕುಂತಾಗೊಮ್ಮೆ ಅಳತಾಳ." ಎಲೆಯ ಅಂಚನ್ನು ಮಡಚಿದರು. "ನಾ ಕರೀಲಿಕ್ಕೆ ಬಂದೇನಿ."

"ನನಗ ಹೇಳಬ್ಯಾಡ್ರಿ. ಅಕಿನ್ನ ಕೇಳ್ರಿ."

ತಂಗಿ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಆಷಾಢದಿಂದ ಈಚೆಗೆ ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

"ಹೊಂಡ್ತೀ ಏನು? ಸಂಜಿ ಗಾಡಿ ಅದ."

"ಈಗ ಬ್ಯಾಡ್ರಿ."

"ಯಾಕ?"

"ದೇವರು ಇನ್ನಾ ಎದ್ದಿಲ್ಲಲ್ಲ. ಶುಭಕಾರ್ಯ ಮಾಡಬಾರದಂತ ಅತ್ತಿಯವರಽ ಹೇಳ್ಯಾರ. ತುಳಸಿ ಲಗ್ನ ಆಗಲಿ, ಬರ್ರಿ."

ಇಷ್ಟೆಲ್ಲ ಆದಮೇಲೆ ಇವಳ ಒಂದು ಮಾತಿಗೆ ಮುನಿಸಿಕೊಂಡು ಹೋದರೆ? ಅಳಿಯಂದಿರ ಮುಖ ಕೆಂಪೇರಿತು. ಆಮೇಲೆ ತಮ್ಮ ಎಲೆಯನ್ನು ತಾವೇ ಎತ್ತಿದರು. ನನ್ನ ಖಾನಾವಳಿಯಲ್ಲಿ ಗಿರಾಕಿಗಳು ಎಲೆ ಎತ್ತುವುದಿಲ್ಲ. ನಾನು ಕೈ ಮುಂದೆ ಮಾಡಿದೆ; ಅವರು ಕೊಡಲಿಲ್ಲ. ಹಿತ್ತಲಲ್ಲಿ ಎಲೆ ಹಾಕಿ, ಕೈ ತೊಳೆದು, ಕೊಡೆ ತೆಗೆದುಕೊಂಡು ಹೋದರು. ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ.

ತುಳಸಿ ಲಗ್ನದ ಸಂಜೆ ವಾಡೆಯ ಅಂಗಳದಲ್ಲಿ ಕಬ್ಬಿನ ಮಂಟಪ ಕಟ್ಟಿದರು. ಅಂತರಪಟ ಹಿಡಿದು ಮಂಗಳಾಷ್ಟಕ ಹೇಳಿದರು. ತಂಗಿ ಎಲ್ಲರ ಜೊತೆ ಅಕ್ಷತೆ ಹಾಕಿದಳು. ಮೊದಲ ಮುಹೂರ್ತದ ದಿನ ಬಂತು. ಆ ದಿನ ಅವಳು ಬಡಿದ ಭಕ್ಕರಿಗಳು ದಪ್ಪವಾಗಿದ್ದವು. ಮಧ್ಯಾಹ್ನವಾಯಿತು, ಸಂಜೆಯಾಯಿತು. ಅಳಿಯಂದಿರು ಬರಲಿಲ್ಲ. ನಾನು ಸ್ಟೇಶನ್ನಿಗೆ ಹೋಗಿ ಬೆಳಗಾವಿಯ ಗಾಡಿ ಬಂದು ಹೋಗುವುದನ್ನು ನೋಡಿ ಬಂದೆ. ಎಲ್ಲಿ ಹೋಗಿದ್ದೆನೆಂದು ಮನೆಯಲ್ಲಿ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಮರುದಿನ ಮುಂಜಾನೆ ಒಲೆ ಹೊತ್ತಿಸುವಾಗ ಬಂದರು. ಉಡಿ ತುಂಬಲಿಕ್ಕೆ ಖಣ, ಕೊಬ್ಬರಿ, ಅಕ್ಕಿ ತಂದಿದ್ದರು. ಅವರ ತಾಯಿಯೇ ಕಟ್ಟಿಕೊಟ್ಟದ್ದಂತೆ. ಹೌದೋ ಅಲ್ಲವೋ, ನಾನು ಪರೀಕ್ಷೆ ಮಾಡಲಿಲ್ಲ. ನನ್ನ ಹೆಂಡತಿ ತಂಗಿಯ ಉಡಿ ತುಂಬಿದಳು.

ಟ್ರಂಕು ಟಾಂಗಾಕ್ಕೆ ಏರಿದ ಮೇಲೆ ಹೆಂಡತಿ ಒಳಗಿನಿಂದ ಕೂಗಿದಳು, "ಕೌದಿ ಇಲ್ಲೇ ಉಳೀತಲ್ಲ!"

"ಇರಲಿ ಬಿಡ್ರಿ ವೈನಿ" ಎಂದಳು ತಂಗಿ. "ಪಂಚಮಿಗೆ ಅಣ್ಣ ಕರೀಲಿಕ್ಕೆ ಬರತಾನಲ್ಲ. ಆವಾಗ ಬೇಕಾಗತದ."

ಪಂಚಮಿಗೆ ಮಳೆಗಾಲ, ಕೌದಿಯ ಕೆಲಸವೇನು ಎಂದು ಯಾರೂ ಕೇಳಲಿಲ್ಲ. ಈ ವರ್ಷ ಪಂಚಮಿಗೆ ನಾನೇ ಹೋಗಿ ಕರೆದುಕೊಂಡು ಬಂದೆ. ಅವಳ ಅತ್ತೆ ನನಗೆ ನೀರು ಕೊಟ್ಟಳು, ಕುಡಿದೆ. ತಂಗಿಗೆ ಇನ್ನೂ ಮಕ್ಕಳಿಲ್ಲ. ಅವಳ ಮುಖ ನೋಡಿದರೆ ಸುಖವಾಗಿದ್ದಾಳೋ ಇಲ್ಲವೋ ಗೊತ್ತಾಗುವುದಿಲ್ಲ, ಕೇಳಿದರೆ ನಗುತ್ತಾಳೆ. ಅಂಚೆಯವನ ಸದ್ದಾದರೆ ಈಗಲೂ ನನ್ನ ಕೈಯ ಸವುಟು ನಿಲ್ಲುತ್ತದೆ.

ಈಗ ನನ್ನಲ್ಲಿರುವುದು ಇಷ್ಟು: ಬಾಡಿಗೆಯ ಎರಡು ಖೋಲಿ, ಮೂರು ಒಲೆ, ಇಪ್ಪತ್ತು ಮಣೆ, ಒಂದು ಬೀಸುವ ಕಲ್ಲು, ಹೆಂಡತಿ, ಇಬ್ಬರು ಮಕ್ಕಳು, ಹಲಗೆಯ ಮೇಲೆ ಮಡಿಸಿಟ್ಟ ಒಂದು ಕೌದಿ, ಗಂಡನ ಮನೆಯಲ್ಲಿ ಒಬ್ಬ ತಂಗಿ.